ಎರಡೆರಡು ಸಲ ಹೇಳುವ ಅಕ್ಕ

ಅಕ್ಕನ ಕಂಠದ ಬಗ್ಗೆ ಹೇಳಿದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ನಷ್ಟ ಅವರಿಗೇ. ರೈಲು ನಿಲ್ದಾಣದ ಮೈಕಿನ ಮುಂದೆ ಕೂತು ಅವಳು ‘ಪ್ರಯಾಣಿಕರ ಗಮನಕ್ಕೆ’ ಎಂದಳೆಂದರೆ ತಡವಾದ ರೈಲುಗಳು ನಾಚಿ ಓಟ ಹೆಚ್ಚಿಸುತ್ತಿದ್ದವು, ತಂತಿಯ ಮೇಲಿನ ಕಾಗೆಗಳು ಸಾಲಾಗಿ ನಿಲ್ಲುತ್ತಿದ್ದವು. ಆ ಕೆಲಸದಲ್ಲಿ ಏನು ಹೇಳಿದರೂ ಎರಡು ಸಲ ಹೇಳಬೇಕು. ಹೇಳಿ ಹೇಳಿ ಆ ಚಾಳಿ ನಾಲಿಗೆಗೆ ಅಂಟಿಕೊಂಡು ಮನೆಗೂ ಬಂತು. ಊಟಕ್ಕೆ ಕರೆದರೂ ಎರಡು ಸಲ, ಬೈದರೂ ಎರಡು ಸಲ. ತಂಗಿ ಮೊದಲನೆಯ ಬೈಗುಳಕ್ಕೆ ತಲೆಯನ್ನೇ ಎತ್ತುತ್ತಿರಲಿಲ್ಲ. ಇನ್ನೊಂದು ಹೇಗೂ ಬರುತ್ತದಲ್ಲ.

ತಾಯಿಯಿಲ್ಲದ ಆ ತಂಗಿಯನ್ನು ಸಾಕಿದವಳು ಅಕ್ಕನೇ. ತಂಗಿ ಈಗ ನರ್ಸ್. ದೂರದೇಶದ ದೊಡ್ಡ ಆಸ್ಪತ್ರೆಯೊಂದು ಅವಳನ್ನು ಕರೆದಿತ್ತು, ಆದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಓದುವುದು, ಬರೆಯುವುದು ನೀರು ಕುಡಿದಷ್ಟು ಸಲೀಸು. ಕೇಳಿಸಿಕೊಂಡು ಉತ್ತರಿಸುವುದು ಮಾತ್ರ ಕಬ್ಬಿಣದ ಕಡಲೆ. ಒಮ್ಮೆ ಡುಮ್ಕಿ ಹೊಡೆದಾಗಿತ್ತು.

ಅಕ್ಕ ಟೊಂಕ ಕಟ್ಟಿ ನಿಂತಳು. ಅಭ್ಯಾಸದ ಪುಸ್ತಕವನ್ನೆಲ್ಲ ತನ್ನ ದನಿಯಲ್ಲೇ ಓದಿ ಫೋನಿಗೆ ತುಂಬಿದಳು. ಅದರ ಪಾಠಗಳಲ್ಲಿ ಬಾಡಿಗೆ ಮನೆ ಹುಡುಕುವ ವಿದ್ಯಾರ್ಥಿಯೂ ಅವಳೇ, ಕೊಸರಾಡುವ ಮಾಲೀಕನೂ ಅವಳೇ, ತಿಮಿಂಗಿಲದ ಬಗ್ಗೆ ಕೊರೆಯುವ ಪ್ರೊಫೆಸರೂ ಅವಳೇ, ತಿಮಿಂಗಿಲವೊಂದು ಬಾಕಿ. ಜೊತೆಗೆ ಯುಕ್ತಿಗಳು ಬೇರೆ. ಧ್ವನಿ ಶುರುವಾಗುವ ಮುಂಚೆಯೇ ಪ್ರಶ್ನೆಗಳ ಮೇಲೆ ಕಣ್ಣಾಡಿಸಿ, ಬರಬೇಕಾದ್ದು ಹೆಸರೋ ಹೊತ್ತೋ ಅಂದಾಜು ಮಾಡಿಕೊಳ್ಳಬೇಕು. ಮೊದಲು ಕಿವಿಗೆ ಬಿದ್ದದ್ದಕ್ಕೆ ಮರುಳಾಗಬಾರದು. ಮಂಗಳವಾರ ಎಂದವರೇ ಆಮೇಲೆ ಅಲ್ಲಲ್ಲ, ಬುಧವಾರ ಎನ್ನುತ್ತಾರೆ. ತಪ್ಪಿಹೋದದ್ದನ್ನು ಬಿಟ್ಟು ಮುಂದಿನದನ್ನು ಹಿಡಿಯಬೇಕು. ಯಾವುದನ್ನೂ ಖಾಲಿ ಬಿಡಬಾರದು, ಊಹಿಸಿಯಾದರೂ ಬರೆಯಬೇಕು.

ಎಡವಟ್ಟಾದದ್ದು ಒಂದೇ. ಪರೀಕ್ಷೆಯಲ್ಲಿ ಎಲ್ಲವನ್ನೂ ಒಂದೇ ಸಲ ಕೇಳಿಸುತ್ತಾರೆ. ಅಕ್ಕನ ಬಾಯಿ ಎಷ್ಟು ಬಿಗಿಹಿಡಿದರೂ ಪ್ರತಿ ವಾಕ್ಯವನ್ನು ಇನ್ನೊಮ್ಮೆ ಹೇಳಿಬಿಡುತ್ತಿತ್ತು.

“ಅಲ್ಲಿ ಯಾರೂ ಎರಡು ಸಲ ಹೇಳಲ್ಲ ಕಣೇ ಅಕ್ಕಾ.”

“ಅಲ್ಲಿ ನಿನ್ನ ಅಕ್ಕ ಇರಲ್ವಲ್ಲ, ಅದಕ್ಕೆ,” ಎಂದಳು ಅಕ್ಕ. ಅದನ್ನೂ ಎರಡು ಸಲ.

ಲೋಕದಲ್ಲಿ ಕೆಲಸಕ್ಕೆ ಬಾರದ ಗಂಟಲು ಎಷ್ಟಿಲ್ಲ! ಗಡ್ಡೆ ಮಾತ್ರ ಅಕ್ಕನ ಗಂಟಲನ್ನೇ ಹುಡುಕಿಕೊಂಡು ಬಂತು. ರೈಲುಗಳನ್ನು ನಾಚಿಸಿದ ದನಿ ಸವೆದು ಸವೆದು ಬರೀ ಉಸಿರಾಯಿತು. ಪರೀಕ್ಷೆಯ ದಿನ ಬೆಳಗ್ಗೆ ಆಸ್ಪತ್ರೆಯಲ್ಲಿ ಅಕ್ಕನ ಮಂಚದ ಪಕ್ಕ ನಿಂತು ತಂಗಿ ತಾನು ಹೋಗುವುದಿಲ್ಲ ಎಂದಳು. ಅಕ್ಕ ಕಣ್ಣು ಕೆಂಪಗೆ ಮಾಡಿ ಬಾಗಿಲಿನ ಕಡೆ ಬೆರಳು ತೋರಿಸಿದಳು. ತಂಗಿ ಹೊರಟು ನಿಂತಾಗ ಆ ತುಟಿಗಳು ಏನನ್ನೋ ಹೇಳಿದವು. ಕೇಳಿಸಲಿಲ್ಲ. ತಂಗಿ ರೂಢಿಯಂತೆ ಕಿವಿಯನ್ನು ಹತ್ತಿರ ತಂದು ಎರಡನೆಯ ಸಲಕ್ಕಾಗಿ ಕಾದಳು. ಅಕ್ಕ ದಣಿದು ಕಣ್ಣು ಮುಚ್ಚಿದ್ದಳು. ಸಂಜೆ ಕೇಳಿದರಾಯಿತು ಎಂದುಕೊಂಡು ತಂಗಿ ಬಸ್ಸಿಗೆ ಓಡಿದಳು.

ಹೆಡ್‌ಫೋನಿನಲ್ಲಿ ಯಾವನೋ ಗಂಡಸು ಮೊದಲ ಉತ್ತರ ಹೇಳಿದ. ತಂಗಿ ಪೆನ್ನು ಹಿಡಿದು ಕಾದಳು. ಆ ಪುಣ್ಯಾತ್ಮ ಮೂರು ಪ್ರಶ್ನೆ ದಾಟಿಹೋದ ಮೇಲೆ ಅವಳಿಗೆ ತಾನೇನನ್ನು ಕಾಯುತ್ತಿದ್ದೇನೆಂದು ಹೊಳೆಯಿತು. ತಪ್ಪಿದ್ದನ್ನು ಬಿಟ್ಟಳು, ಮುಂದಿನದನ್ನು ಹಿಡಿದಳು. ಕೊನೆಗೆ ಖಾಲಿ ಉಳಿದ ಜಾಗಗಳನ್ನೆಲ್ಲ ಊಹಿಸಿ ತುಂಬಿದಳು.

ಸಂಜೆ ವಾರ್ಡಿಗೆ ಓಡಿಬಂದಾಗ ಆಯಾ ಆ ಮಂಚಕ್ಕೆ ಹೊಸ ಹೊದಿಕೆ ಹಾಸುತ್ತಿದ್ದಳು. ವಿಷಯವನ್ನು ಮೆಲ್ಲಗೆ ಹೇಳಿದಳು, ಒಂದೇ ಸಲ.

ತಂಗಿ ಪಾಸಾದಳು. ಈಗ ಆ ದೂರದ ಆಸ್ಪತ್ರೆಯಲ್ಲಿ ಎಂಥ ಕ್ಷೀಣ ದನಿಯ ರೋಗಿಯ ಮಾತನ್ನೂ ಮೊದಲ ಸಲಕ್ಕೇ ಹಿಡಿಯುತ್ತಾಳೆ. ಗೋಡೆಯಾಚೆಯ ನಿಟ್ಟುಸಿರೂ ಅವಳಿಗೆ ಕೇಳಿಸುತ್ತದೆ ಎಂದು ಜೊತೆಯವರು ಬೆರಗಾಗುತ್ತಾರೆ. ಅಕ್ಕ ಕೊನೆಗೆ ಏನು ಹೇಳಿದಳು ಎಂದು ಯಾರೋ ಒಮ್ಮೆ ಕೇಳಿದರು. ಹುಷಾರು ಅಂದಿರಬಹುದು, ಊಟ ಮಾಡು ಅಂದಿರಬಹುದು ಎಂದು ಅವರೇ ಊಹಿಸಿಯೂ ಕೊಟ್ಟರು. ಅವಳು ಒಪ್ಪದೆ ತಲೆಯಾಡಿಸಿದಳು. ಅಕ್ಕನ ಯುಕ್ತಿಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದವಳು, ಇದೊಂದನ್ನು ಮಾತ್ರ ಖಾಲಿ ಬಿಟ್ಟು ಇನ್ನೂ ಕಾಯುತ್ತಿದ್ದಾಳೆ.