ಎಲ್ಲರೆದುರು ಕೈ ಕುಲುಕಿದ್ದು

ಸೇನೆಯಿಂದ ನಿವೃತ್ತನಾಗಿದ್ದ ಇವನನ್ನು ಯುದ್ಧ ನಡೆಯುತ್ತಿದ್ದ ಈ ಊರಿನ ಕಾವಲು ಕಂಪನಿಗೆ ಎಳೆದು ತಂದವನು ಅಕ್ಕನ ಗಂಡ. ಭಾವ ಎಂಜಿನಿಯರುಗಳ ಗಾಡಿಯಲ್ಲಿ ಬಂದೂಕು ಹಿಡಿದು ಕೂರುತ್ತಿದ್ದ. ಇವನು ಗೇಟು ಕಾಯುತ್ತಿದ್ದ. ಮುಖಕ್ಕಿಂತ ಮೊದಲು ಮೀಸೆಯೇ ಕಾಣುತ್ತಿದ್ದರಿಂದ ಎಲ್ಲರಿಗೂ ಇವನು ಮೀಸೆ. ಆ ಮೀಸೆಯನ್ನು ಇವನು ನಂಬಿ ಒಪ್ಪಿಸುತ್ತಿದ್ದುದು ಗೇಟಿನೆದುರು ಅಂಗಡಿಯಿಟ್ಟಿದ್ದ ಕ್ಷೌರಿಕನಿಗೆ ಮಾತ್ರ. ಕತ್ತರಿ ನಿಂತರೂ ಬಾಯಿ ನಿಲ್ಲದ ಆಸಾಮಿ.

ಅಂದು ಬೆಳಿಗ್ಗೆ ಅವನು ತುಟಿಪಿಟಕ್ಕೆನ್ನಲಿಲ್ಲ. ಕತ್ತಿ ಕೊರಳ ಹತ್ತಿರ ಬಂದಾಗ ತಡೆದು, ಬಾಗಿಲ ಕಡೆ ನೋಡಿ, ಬಾಗಿದ.

"ಇವತ್ತು ನಿಮ್ಮ ಗಾಡಿ ಸೇತುವೆ ಹತ್ಬಾರ್ದು," ಎಂದು ಕಿವಿಯಲ್ಲಿ ಉಸುರಿದ.

"ಯಾಕೆ? ಯಾರು ಹೇಳಿದ್ರು?"

"ನಾನು ಹೇಳಿಲ್ಲ, ನೀವು ಕೇಳಿಲ್ಲ. ಹೆಂಡ್ತಿ, ಮಗಳು ಇರೋನು ನಾನು."

ಮೀಸೆ ಅರ್ಧ ಗಡ್ಡದಲ್ಲೇ ಓಡಿಬಂದು ಭಾವನಿಗೆ ಹೇಳಿದ. ಹೆಸರು ಬಾಯಿಬಿಡುವುದಿಲ್ಲವೆಂದು ಅಕ್ಕನ ಮೇಲೆ ಆಣೆ ಹಾಕಿಸಿಕೊಂಡ. ಗಾಡಿ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಸೇತುವೆಯ ಕೆಳಗೆ ಬಾಂಬು ಸಿಕ್ಕಿತು.

ಕಂಪನಿಯ ಸಾಹೇಬರು ಭಾವನನ್ನು ತಬ್ಬಿಕೊಂಡು ಹೊಗಳಿದರು. ಹೊಗಳಿಕೆಗೆ ನಾಚಿ ಅವನು ನಿಜ ಹೇಳಿಬಿಟ್ಟ. ಸಾಹೇಬರು ಕೆಟ್ಟವರಾಗಿರಲಿಲ್ಲ. ಅನಾಹುತವಾದದ್ದೇ ಅದರಿಂದ. "ಎಂಥ ಮನುಷ್ಯ! ನಾನೇ ಹೋಗಿ ಥ್ಯಾಂಕ್ಸ್ ಹೇಳ್ತೀನಿ," ಎಂದು ಹೊರಟೇಬಿಟ್ಟರು.

"ಬೇಡ ಸಾರ್!" ಎಂದು ಮೀಸೆ ಅಡ್ಡ ಬರುವಷ್ಟರಲ್ಲಿ ರಸ್ತೆ ದಾಟಿ, ಕ್ಷೌರಿಕನ ಎರಡೂ ಕೈ ಹಿಡಿದು ಕುಲುಕಿ, ಬೆನ್ನು ತಟ್ಟಿದರು. ಬೀದಿಗೆ ಬೀದಿಯೇ ನೋಡಿತು. ಕುರ್ಚಿಯಲ್ಲಿದ್ದ ಗಿರಾಕಿ ಗಲ್ಲದ ನೊರೆಯನ್ನು ತಾನೇ ಒರೆಸಿಕೊಂಡು ಎದ್ದು ಹೋದ. ಬಟ್ಟೆಯಂಗಡಿಯ ಷಟರ್ ದಡಾರನೆ ಇಳಿಯಿತು, ಆಮೇಲೆ ಅದರ ಪಕ್ಕದ್ದು. ಕ್ಷೌರಿಕನ ಮುಖ ಸುಣ್ಣದಂತಾಯಿತು.

"ಏನ್ ಮಾಡಿಬಿಟ್ರಿ ಭಾವ!"

ಭಾವ ತಲೆಯೆತ್ತಲಿಲ್ಲ. "ಹಿಂದಿನ ಗೇಟಿಗೆ ಗಾಡಿ ತರ್ತೀನಿ. ಮೂರೂ ಜನಾನ ಗಡಿ ದಾಟಿಸ್ತೀನಿ. ಕೆಲಸ ಹೋದ್ರೆ ಹೋಗ್ಲಿ."

ಮೀಸೆ ಹೋಗಿ ಪಿಸುಗುಟ್ಟಿದ. ಕ್ಷೌರಿಕ ಕಸ ಗುಡಿಸುತ್ತಲೇ ತಲೆಯಾಡಿಸಿದ.

ಮುಸ್ಸಂಜೆಗೆ ಗೋಡೆ ಸವರಿಕೊಂಡು ಬಂದದ್ದು ತಾಯಿ, ಮಗಳು ಇಬ್ಬರೇ.

"ಅವರೆಲ್ಲಿ?"

"ಅಂಗಡೀಲಿ ದೀಪ ಹಾಕ್ಕೊಂಡು ಕೂತಿದಾರೆ," ಎಂದಳು ತಾಯಿ. "ಎಲ್ಲರ ಕಣ್ಣೂ ನನ್ನ ಮೇಲಿರುತ್ತೆ, ಅಷ್ಟರಲ್ಲಿ ನೀವು ಹೊರಟುಬಿಡಿ ಅಂದ್ರು."

ಗಾಡಿ ಹೊರಟಿತು. ಮೀಸೆ ಮುಂದಿನ ಗೇಟಿಗೆ ಓಡಿದ. ಎದುರಿನ ದೀಪದ ಬೆಳಕಲ್ಲಿ ಕ್ಷೌರಿಕ ತನ್ನ ಗಿರಾಕಿಗಳ ಕುರ್ಚಿಯಲ್ಲಿ, ರಸ್ತೆಗೆ ಬೆನ್ನು ಹಾಕಿ ಕೂತಿದ್ದ. ಬೈಕೊಂದು ಬಂದು ನಿಂತಿತು. ಮೀಸೆ ಗೇಟಿನ ಚಿಲಕ ತೆಗೆದು ರಸ್ತೆಗಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕನ್ನಡಿಯ ಚೂರುಗಳು ಮಾತ್ರ ಇನ್ನೂ ಉದುರುತ್ತಿದ್ದವು.

ಗಡಿ ದಾಟಿದೆವೆಂದು ಭಾವ ಫೋನ್ ಮಾಡಿದಾಗ ಹಿಂದಿನಿಂದ ಹುಡುಗಿಯ ದನಿ ಕೇಳಿಸಿತು: "ಅಪ್ಪ ಅಂಗಡಿ ಮುಚ್ಚಿದ್ರಾ, ಕೇಳಿ."

ಮೀಸೆ ಎದುರಿನ ಅಂಗಡಿಯತ್ತ ನೋಡಿದ.

"ಮುಚ್ಚಿದ್ರು ಅಂತ ಹೇಳಿ ಭಾವ."