ಕಟ್ಟೆ ಇಳಿಯುವ ಯಜಮಾನ

ಮರಿತಾಯಮ್ಮನವರ ದೂರನ್ನು ಟೈಪ್ ಮಾಡಿದವಳು ನಾನು. ಅದನ್ನು ತಳ್ಳಿಹಾಕಿದ ಆದೇಶವನ್ನು ಟೈಪ್ ಮಾಡಿದವಳೂ ನಾನೇ.

೨೦೦೭ನೇ ಇಸವಿ. ನಂಜನಗೂಡಿನಲ್ಲಿ ಬಿ.ಎ. ಮುಗಿಸಿದ ನನಗೆ ತಿ. ನರಸೀಪುರದಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಹತ್ತಾರು ದೇಶಗಳಲ್ಲಿ ಮಕ್ಕಳ ಆರೋಗ್ಯ ನೋಡಿಕೊಳ್ಳುವ ಒಂದು ದೊಡ್ಡ ಸಂಸ್ಥೆಯ ಪುಟ್ಟ ಕಚೇರಿ ಅದು. ಮರಿತಾಯಮ್ಮ ಒಂಬತ್ತು ವರ್ಷದಿಂದ ತಲಕಾಡಿನ ಸುತ್ತ ಕೂಸುಗಳನ್ನು ತೂಗುತ್ತಿದ್ದವರು. ಆಗಸ್ಟಿನಲ್ಲಿ ಹೊಳೆ ನೀರು ರಸ್ತೆಗೆ ನುಗ್ಗಿ ಮೂರು ದಿನ ಬಸ್ಸಿರಲಿಲ್ಲ. ಅಲ್ಲೇ ಉಳಿದು ಕೆಲಸ ಮಾಡಿದರು. ನಮ್ಮ ಸಂಯೋಜಕ ದೇವರಾಜು, ಹೇಳದೆ ಕೇಳದೆ ಗೈರುಹಾಜರಾದರೆಂದು ಬರೆದು ಅವರನ್ನು ಕೆಲಸದಿಂದ ತೆಗೆದರು.

ಮರಿತಾಯಮ್ಮ ದೂರು ಕೊಟ್ಟರು. ಸಂಸ್ಥೆಯ ಆಗಿನ ನಿಯಮದಂತೆ ಸಿಬ್ಬಂದಿಯ ದೂರು ಹೋಗುತ್ತಿದ್ದುದು ಸಂಯೋಜಕರ ಮೇಜಿಗೆ. ದೇವರಾಜು ತಮ್ಮ ಮೇಲಿನ ದೂರನ್ನು ತಾವೇ ವಿಚಾರಿಸಿ, ತಮ್ಮದೇನೂ ತಪ್ಪಿಲ್ಲವೆಂದು ತೀರ್ಮಾನಿಸಿದರು.

ಹೊಳೆ ಬಂದ ದಿನ ಮರಿತಾಯಮ್ಮ ಕಾಯಿನ್ ಬೂತಿನಿಂದ ಫೋನ್ ಮಾಡಿದ್ದರು. ಎತ್ತಿದ್ದು ನಾನು. ದೇವರಾಜು ಸಾರ್‌ಗೆ ತಿಳಿಸಿದ್ದೂ ನಾನು. "ಆಯ್ತು ಬಿಡಮ್ಮ" ಅಂದಿದ್ದರು. ಎಲ್ಲ ನನ್ನ ಡೈರಿಯಲ್ಲಿತ್ತು. ಬಾಯಿಗೆ ಮಾತ್ರ ಬಂದಿರಲಿಲ್ಲ.

ಡಿಸೆಂಬರಿನಲ್ಲಿ ಮುಖ್ಯ ಕಚೇರಿಯಿಂದ ಒಬ್ಬ ವಿದೇಶಿ ಮೇಡಂ ಬಂದರು. ಸಿಬ್ಬಂದಿಗೆ ನ್ಯಾಯ ಕೊಡುವ ಪದ್ಧತಿಯನ್ನೇ ಬದಲಿಸಬೇಕಂತೆ, ಅದಕ್ಕೆ ಕೆಳಗಿನವರ ಮಾತು ಕೇಳಬೇಕಂತೆ. ಅವರಿಗೆ ಕನ್ನಡ ಬಾರದು. ನಮ್ಮ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಪಕ್ಕದಲ್ಲಿ ಕೂತವರು ದೇವರಾಜು! ನಾನು ಮೂಲೆಯಲ್ಲಿ ಸಭೆಯ ನಡಾವಳಿ ಬರೆಯುತ್ತಿದ್ದೆ.

ಎಲ್ಲರೂ ದೇವರಾಜು ಮುಖ ನೋಡಿದರು. ಕಡೆಗೆ ವಾಚ್‌ಮನ್ ದೊಡ್ಡಮಾದಯ್ಯ ಎದ್ದರು.

"ನಮ್ ಬೀದೀಲಿ ಒಂದ್ ಕಟ್ಟೆ ಅದೆ ಕನ್ರವ್ವ. ನ್ಯಾಯ ಸೇರ್ದಾಗ ಯಜಮಾನ ಅದ್ರ್ ಮ್ಯಾಲೆ ಕೂತ್ಕತಾನೆ. ಅವನ್ ಮನೇದೇ ನ್ಯಾಯ ಬಂತು ಅನ್ನಿ, ಟವಲ್ ಕೊಡವ್ಕಂಡು ಕೆಳಕ್ಕಿಳೀಬೇಕು. ಮಣ್ಣಲ್ ಕುಂತು ಎಲ್ರಂಗೇ ಉತ್ರ ಕೊಡ್ಬೇಕು. ನಾನ್ ಚಿಕ್ ಐದ್ನಾಗಿದ್ದಾಗ ಕೋಳಿ ಕದ್ದಿದ್ದೆ, ನಮ್ಮಪ್ಪನೇ ಯಜಮಾನ, ಅವನೂ ಇಳ್ದ. ಇಲ್ ಯಾಕ್ ಸಾ ಯಾರೂ ಇಳಿಯದಿಲ್ಲ?"

ಎಲ್ಲರೂ ಕಿಸಕ್ಕೆಂದರು. ದೇವರಾಜು ಮೇಡಂಗೆ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ಹಿರಿಯರಿಗೆ ಗೌರವ ಕೊಡಬೇಕು ಎನ್ನುತ್ತಿದ್ದಾನೆ.

ನನ್ನ ಪೆನ್ನು ನಿಂತಿತು. ಯಾವುದನ್ನು ಬರೆಯಲಿ? ಸಭೆಯ ಸುದ್ದಿ ಕೇಳಿ ಬಂದಿದ್ದ ಮರಿತಾಯಮ್ಮ ಬಾಗಿಲ ಬಳಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನತ್ತ ನೋಡಲಿಲ್ಲ. ನೋಡಿದ್ದರೆ ಬಹುಶಃ ತಲೆ ತಗ್ಗಿಸಿಬಿಡುತ್ತಿದ್ದೆ.

"ಮೇಡಂ, ಅವರು ಹೇಳಿದ್ದು ಅದಲ್ಲ" ಎಂದೆ ಇಂಗ್ಲಿಷಿನಲ್ಲಿ. ನನಗೇ ಸರಿಯಾಗಿ ಕೇಳಿಸಲಿಲ್ಲ.

"ಜೋರಾಗೇಳವ್ವ, ನೀನೇನ್ ಕೋಳಿ ಕದ್ದಿದ್ದೀಯಾ?" ಎಂದರು ದೊಡ್ಡಮಾದಯ್ಯ.

ಹೇಳಿದೆ. ಕಟ್ಟೆ, ಟವಲು, ಕೋಳಿ, ಕೊನೆಯ ಪ್ರಶ್ನೆ, ಒಂದನ್ನೂ ಬಿಡಲಿಲ್ಲ. ಮೇಡಂ ದೇವರಾಜು ಕಡೆ ತಿರುಗಿ ಮೆಲ್ಲಗೆ ಏನೋ ಅಂದರು. ದೇವರಾಜು ಎದ್ದು ಹೋದರು. ಆ ಕುರ್ಚಿಯಲ್ಲಿ ನಾನು ಕೂತೆ. ಮರಿತಾಯಮ್ಮ ತಮ್ಮ ಕಥೆ ಹೇಳುತ್ತಾ ಫೋನಿನ ಮಾತಿಗೆ ಬಂದಾಗ ನಾನು ನನ್ನ ಚೀಲದಿಂದ ಡೈರಿ ತೆಗೆದೆ. ಉಳಿದ ಪುಟಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಆ ಒಂದು ಪುಟ ಓದಿದೆ.

ಮರುವರ್ಷ ಜೂನಿನಲ್ಲಿ ಹೊಸ ನಿಯಮ ಬಂತು. ಯಾರ ಮೇಲೆ ದೂರೋ ಅವರು ಅದನ್ನು ವಿಚಾರಿಸುವಂತಿಲ್ಲ. ಹೊರಗಿನವರು, ದೂರುದಾರರ ಭಾಷೆಯಲ್ಲೇ ಕೇಳಬೇಕು. ನಮ್ಮಲ್ಲಿ ಮೊದಲು ಮರುವಿಚಾರಣೆಯಾದದ್ದು ಮರಿತಾಯಮ್ಮನವರದೇ. ಕೆಲಸ ವಾಪಸ್ ಬಂತು.

"ಆ ರೂಲ್ಸಲ್ಲಿ ನನ್ ಎಸ್ರು ಆಕವ್ರಾ?" ಎಂದು ಕೇಳಿದರು ದೊಡ್ಡಮಾದಯ್ಯ.

"ಇಲ್ಲ ತಾತ."

"ಓಗ್ಲಿ ಬುಡವ್ವ. ಕಟ್ಟೇನಾದ್ರೂ ನಂದಾ?"

ಮರಿತಾಯಮ್ಮ ಮತ್ತೆ ಕೆಲಸಕ್ಕೆ ಹೊರಟ ದಿನ ತಲಕಾಡಿನ ಬಸ್ಸಿನವರೆಗೆ ಅವರ ಜೊತೆ ನಡೆದೆ, ತಕ್ಕಡಿಯ ಚೀಲ ನಾನೇ ಹೊತ್ತು. ದಾರಿಯಲ್ಲಿ ಕಷ್ಟಪಟ್ಟು ಹೇಳಿದೆ: "ಗೊತ್ತಿದ್ದೂ ಅಷ್ಟು ದಿನ ಸುಮ್ಮನಿದ್ದೆ ಅಕ್ಕ."

"ಅದೂ ಗೊತ್ತಿತ್ತು ಕನವ್ವ. ಆ ಆರ್ಡರ್ ನನ್ ಕೈಗ್ ಕೊಡುವಾಗ ನೀನ್ ನನ್ ಮಕ ನೋಡ್ನಿಲ್ಲ. ಯೋಳ್ತಾಳೆ, ಒತ್ ಬಂದಾಗ ಅವಳೇ ಯೋಳ್ತಾಳೆ ಅಂತ ಸುಮ್ಕೆ ಬುಟ್ಟಿದ್ದೆ."

ನನ್ನ ಮೇಲೆ ಅಷ್ಟು ನಂಬಿಕೆಯಿಟ್ಟು ಯಾರೂ ಕಾದಿರಲಿಲ್ಲ. ಅವರು ಬಸ್ಸು ಹತ್ತಿ ಕೂತ ಮೇಲೆ ಕಿಟಕಿಯಿಂದ ತಕ್ಕಡಿ ಎತ್ತಿಕೊಟ್ಟೆ. ಬಸ್ಸು ತಿರುವು ದಾಟುವವರೆಗೂ ಕೈ ಬೀಸುತ್ತಲೇ ಇದ್ದೆ.