ಐದು ಸ್ಟಾರಿನ ಮನೆ

"ಆ ಗ್ಲೌಸು ಮೊದ್ಲು ಬಿಚ್ಚು! ಯಾರ್ಯಾರ ಮನೆ ಕಕ್ಕಸಲ್ಲಿ ಅದ್ದಿ ತಂದಿದೀಯೋ ಏನೋ."

ಮನೆಯೊಡತಿ ಬಾತ್‌ರೂಮಿನ ಬಾಗಿಲಲ್ಲಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದಳು. ಬಾತ್‌ರೂಮು ತೊಳೆಯಲು ಕಂಪನಿಯೊಂದು ಕಳಿಸಿದ್ದ ಅತ್ತಿಗೆ-ನಾದಿನಿಯರಲ್ಲಿ ನಾದಿನಿ ಬ್ರಷ್ಷು ಹಿಡಿದವಳು ಹಾಗೇ ಅತ್ತಿಗೆಯ ಮುಖ ನೋಡಿದಳು. ಕಮೋಡಿನ ಹಿಂದೆ ಮಂಡಿಯೂರಿ ಟೈಲ್ಸಿನ ಸಂದು ಉಜ್ಜುತ್ತಿದ್ದ ಅತ್ತಿಗೆ ತಲೆ ಎತ್ತಿದಳು.

"ಕಂಪ್ನಿ ಗ್ಲೌಸು ಅಮ್ಮಾವ್ರೇ. ಬೆಳಿಗ್ಗೆ ತಾನೇ ತೊಳ್ದಿರೋದು."

"ತೊಳೆದ್ರೆ ಹೋಗತ್ತಾ ಅದು? ಬರೀ ಕೈಯಾದ್ರೆ ಸೋಪು ಹಚ್ಕೊಂಡು ಬರ್ಬೋದು. ಆಮೇಲೆ ಆ ನಿಮ್ಮ ನೀಲಿ ನೀರು ಬೇಡ, ಕಲೆ ಹೋಗಲ್ಲ. ಇದನ್ನ ಹಾಕು." ಚೀಟಿಯಿಲ್ಲದ ಒಂದು ಬಾಟಲಿಯನ್ನು ಒಡತಿ ಕಾಲಿನಿಂದಲೇ ಒಳಗೆ ತಳ್ಳಿದಳು.

ಹೊರಗಿನ ಆ್ಯಸಿಡ್ ಮುಟ್ಟಬಾರದೆಂದು ಕಂಪನಿ ಹೇಳಿತ್ತು. ಗಿರಾಕಿಗೆ ಎದುರಾಡಬಾರದೆಂದೂ ಅದೇ ಕಂಪನಿ ಹೇಳಿತ್ತು. ಕಂಪನಿಯ ಆ್ಯಪಿನಲ್ಲಿ ಗಿರಾಕಿ ಕೊಡುವ ಸ್ಟಾರ್ ಇಳಿದರೆ ಕೆಲಸವೂ ಇಳಿಯುತ್ತದೆ. ಹಿಂದೊಮ್ಮೆ ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡು ಹೋಗಿದ್ದ ನಾದಿನಿಗೆ ಯಾರೋ "ನಗುವುದಿಲ್ಲ" ಎಂದು ಎರಡು ಸ್ಟಾರ್ ಕೊಟ್ಟಿದ್ದರು. ವಾರವಿಡೀ ಅವಳು ಫೋನಿನ ಮುಖ ನೋಡುತ್ತ ಖಾಲಿ ಕೂತಿದ್ದಳು.

ಕೆಲಸದವರೂ ಮನೆಗಳಿಗೆ ಸ್ಟಾರ್ ಕೊಡಬಹುದಿತ್ತು. ಈ ಮನೆಗೆ ಐದಕ್ಕೆ ಐದು. ಅದರ ಕೆಳಗೆ, ಹಿಂದೆ ಕೆಲಸಕ್ಕೆ ಬಂದುಹೋದವರ ಮಾತು: "ತಾಯಿ ಥರ ನೋಡ್ಕೊಂಡ್ರು." "ಇಂಥ ಮನೆ ಸಿಗೋಕೆ ಪುಣ್ಯ ಮಾಡಿರ್ಬೇಕು." ಅದನ್ನು ಓದಿ ನಾದಿನಿಯೇ ಕುಣಿದಾಡಿ ಈ ಕೆಲಸ ಒಪ್ಪಿದ್ದಳು.

ಅವಳು ಗ್ಲೌಸು ಬಿಚ್ಚಿದಳು. ಬಾಟಲಿಯ ಮುಚ್ಚಳ ತೆರೆದದ್ದೇ ಇಬ್ಬರ ಗಂಟಲೂ ಕಟ್ಟಿತು. ಗೋಡೆಗೆ ಹಾಕಿ ಉಜ್ಜುವಾಗ ಆ್ಯಸಿಡ್ ಬೆರಳ ಸಂದಿಯಿಂದ ಅಂಗೈಗೆ, ಅಂಗೈಯಿಂದ ಮಣಿಕಟ್ಟಿಗೆ ಇಳಿಯಿತು.

"ಅವ್ವಾ! ಅತ್ತಿಗೇ! ಸುಡ್ತೈತೇ!"

ಅತ್ತಿಗೆ ಅವಳನ್ನು ಎಳೆದು ನಲ್ಲಿಯ ಕೆಳಗೆ ಕೈ ಹಿಡಿಸಿದಳು. ಚರ್ಮ ಬೆಳ್ಳಗೆ ಎದ್ದು ಬರುತ್ತಿತ್ತು.

"ಕಿರಿಚ್ಬೇಡ್ವೇ, ಪಕ್ಕದ ಮನೆಗೆ ಕೇಳ್ಸತ್ತೆ!" ಎಂದು ಗದರಿದ ಒಡತಿ ಕೈಯನ್ನು ಕಂಡದ್ದೇ ತಣ್ಣಗಾದಳು. ದನಿ ಜೇನಾಯಿತು. "ಅಯ್ಯೋ ಪಾಪ. ನೋಡಮ್ಮ, ನಿಮ್ಮಿಬ್ರಿಗೂ ಐದೈದು ಸ್ಟಾರ್ ಕೊಡ್ತೀನಿ. ನೀವೂ ನಂಗೆ ಕೊಟ್ಬಿಡಿ. ಇಲ್ಲೇ, ಈಗ್ಲೇ. ಎಲ್ಲಿ ಫೋನು?"

ನಾದಿನಿಯ ಜೇಬಿನಿಂದ ಫೋನನ್ನು ತಾನೇ ತೆಗೆದಳು. ಬಲಗೈ ನಲ್ಲಿಯಡಿ ಇದ್ದುದರಿಂದ ಹುಡುಗಿಯ ಎಡಗೈ ಹೆಬ್ಬೆರಳು ಹಿಡಿದು ಒತ್ತಿಸಿದಳು. "ನಿನ್ನ ಕೈ ಒದ್ದೆ, ಅಕ್ಷರ ನಾನೇ ಹೊಡೀತೀನಿ" ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಬರೆದಳು: "ತಾಯಿ... ಥರ... ನೋಡ್ಕೊಂಡ್ರು."

ಮೊದಲು ಓದಿದ್ದೂ ಅಕ್ಷರಕ್ಕಕ್ಷರ ಇದೇ ಎಂದು ಅತ್ತಿಗೆಗೆ ಹೊಳೆಯಿತು. "ನಿಂದೂ ಕೊಡು" ಎಂದು ಒಡತಿ ಕೇಳಿದಾಗ "ಚಾರ್ಜಿಲ್ಲ" ಎಂದಳು.

ಸಂಜೆ ಅತ್ತಿಗೆ ಆಸ್ಪತ್ರೆಯ ಮೆಟ್ಟಿಲ ಮೇಲಿಂದ ಕಂಪನಿಯ ಸೂಪರ್‌ವೈಸರನಿಗೆ ಫೋನ್ ಮಾಡಿದರೆ ಅವನು ನಕ್ಕ.

"ಏನಮ್ಮಾ ನಿನ್ ಕಥೆ? ನಿನ್ ನಾದಿನೀನೇ ಐದು ಕೊಟ್ಟವ್ಳೆ. ಐದು ಸ್ಟಾರಿನ ಮನೇಲಿ ಯಾವಳಿಗಾದ್ರೂ ಕೈ ಸುಡ್ತದಾ?"

ಅವರ ಓಣಿಯಲ್ಲೇ ವಟವಟಕ್ಕ ಇದ್ದಳು. ಮನೆಕೆಲಸಕ್ಕೆ ಅದೇ ಕಂಪನಿಯಿಂದ ಹೋಗುವವಳು. ಯಾರ ಮನೆಯಲ್ಲಿ ಯಾರು ಸೀನಿದರೂ ಓಣಿಗೆಲ್ಲ ಸಾರುತ್ತಿದ್ದಳಾದ್ದರಿಂದ ಆ ಹೆಸರು. ಅವಳ ಬೆರಳುಗಳ ಮೇಲೂ ಸುಟ್ಟ ಕಲೆಗಳಿದ್ದವು. ಕೇಳಿದವರಿಗೆಲ್ಲ ಬಿಸಿ ಎಣ್ಣೆ ಅಂದಿದ್ದಳು. ಅತ್ತಿಗೆ ನೆಟ್ಟಗೆ ಅವಳ ಬಾಗಿಲಿಗೆ ಹೋಗಿ ಕೇಳಿದಳು.

"ಎಣ್ಣೆನಾ, ಅಲ್ಲ ಆ ಮನೇದಾ?"

ವಟವಟಕ್ಕ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಮೇಲೆ ಉರಿದುಬಿದ್ದಳು.

"ಆ ಮನೇದೇ ಕಣೇ! ಏನೀಗ?"

"ನೀನೊಂದು ಮಾತು ಹೇಳಿದ್ರೆ ನಮ್ ಹುಡ್ಗಿ ಕೈ ಉಳೀತಿತ್ತು."

"ಹೇಳಿದ್ರೆ ನನ್ ಸ್ಟಾರು ನಿಮ್ಮವ್ವ ಕೊಡ್ತಿದ್ಲಾ? ನಾ ಒಬ್ಳೇನಾ ಸುಳ್ಳು ಒತ್ತಿರೋದು? ನಿನ್ ನಾದಿನೀನೂ ಒತ್ತಿ ಬಂದವ್ಳೆ. ನಾಳೆ ಹೋಗೋ ಮುಂಡೇರು ಅದನ್ನ ಓದ್ಕೊಂಡೇ ಹೋಗ್ತಾರೆ, ಹೋಗೇ!"

ಬಾಗಿಲು ಮುಚ್ಚಿತು. ಒಳಗಿನಿಂದ ಅಳು ಕೇಳಿಸಿತು.

ಅತ್ತಿಗೆ ಮನೆಗೆ ಬಂದು ಫೋನ್ ತೆಗೆದು ಒಂದು ಸ್ಟಾರ್ ಒತ್ತಿದಳು. ತಡವರಿಸುತ್ತ ಬರೆದಳು: "ಗ್ಲೌಸ್ ಬಿಚ್ಚಿಸಿ ಆ್ಯಸಿಡ್ ಹಾಕಿಸ್ತಾರೆ. ನಮ್ಮ ಹುಡುಗಿ ಕೈ ಸುಟ್ಟಿದೆ. ಯಾರೂ ಹೋಗಬೇಡಿ." ನೋಡುತ್ತಿದ್ದಂತೆಯೇ ಕಂಪನಿ ಅದನ್ನು ಅಳಿಸಿಹಾಕಿತು. ಮರುದಿನ ಅವಳ ಫೋನಿನಲ್ಲಿ ಕೆಲಸಗಳೇ ಕಾಣಿಸಲಿಲ್ಲ. ಸೂಪರ್‌ವೈಸರ್ ಫೋನೆತ್ತಲಿಲ್ಲ.

"ಸತ್ಯ ಹೇಳಿ ಯಾರನ್ನ ಉದ್ಧಾರ ಮಾಡ್ದೆ?" ನಾದಿನಿ ಗೋಡೆಗೆ ಒರಗಿ ಕೂಗಾಡಿದಳು. "ನನ್ ಕೈಯೂ ಹೋಯ್ತು, ನಿನ್ ಕೆಲ್ಸಾನೂ ಹೋಯ್ತು! ನಾನಾದ್ರೂ ಸ್ಟಾರ್ ಉಳಿಸ್ಕೊಂಡಿದ್ದೆ."

"ಉಳಿಸ್ಕೊಂಡು ಯಾವ ಕೈಲಿ ದುಡೀತೀಯೇ?"

ಆಡಿದ ಮೇಲೆ ಅತ್ತಿಗೆ ತುಟಿ ಕಚ್ಚಿಕೊಂಡಳು.

ಆ ಮನೆಗೆ ಪ್ರತಿ ಶನಿವಾರ ಬಾತ್‌ರೂಮು ತೊಳೆಯುವವರು ಹೋಗುತ್ತಿದ್ದರು. ಶನಿವಾರ ಬೆಳಿಗ್ಗೆ ಅತ್ತಿಗೆ ಯಾರಿಗೂ ಹೇಳದೆ ಹೊರಟಳು. ಓಣಿ ದಾಟುವಷ್ಟರಲ್ಲಿ ಹಿಂದೆ ಹೆಜ್ಜೆ ಕೇಳಿಸಿತು. ನಾದಿನಿ, ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು ಬರುತ್ತಿದ್ದಳು.

"ನೀನ್ಯಾಕೆ ಬಂದೆ?"

"ನಿನ್ ಮಾತು ಯಾರ್ ನಂಬ್ತಾರೆ? ಕೈ ನಂದು."

ಗೇಟಿನ ಎದುರು ಬಿಸಿಲೇರುವ ತನಕ ನಿಂತರು. ಕಂಪನಿಯ ಅಂಗಿ ತೊಟ್ಟ ಇಬ್ಬರು ಹೆಂಗಸರು ಬಕೆಟ್ಟು, ಬ್ರಷ್ಷು ಹಿಡಿದು ಬಂದರು. ಒಬ್ಬಳು ನಡುವಯಸ್ಸಿನವಳು, ಇನ್ನೊಬ್ಬಳು ಹೊಸಬಳು.

"ಅಕ್ಕಾ, ಒಳಗೆ ಹೋಗ್ಬೇಡ್ರಿ," ಅತ್ತಿಗೆ ಅಡ್ಡ ಬಂದಳು.

"ಯಾಕೆ? ಭಾಳ ಒಳ್ಳೆ ಮನೆ ಅಂತ ಐತಲ್ಲ," ಎಂದು ಹೊಸಬಳು ಫೋನ್ ತೋರಿಸಿದಳು.

"ಅದು ನಾನೇ ಒತ್ತಿದ್ದು," ಅಂದಳು ನಾದಿನಿ. ಹಲ್ಲಿನಿಂದ ಗಂಟು ಸಡಿಲಿಸಿ ಬ್ಯಾಂಡೇಜು ಸುರುಳಿ ಸುರುಳಿಯಾಗಿ ಬಿಚ್ಚಿದಳು. ಕೊನೆಯ ಸುತ್ತು ಕೀವಿಗೆ ಅಂಟಿತ್ತು. ಕಣ್ಣು ಮುಚ್ಚಿ ಎಳೆದಳು.

ಹೊಸಬಳು ಮುಖ ತಿರುಗಿಸಿದಳು. "ಹೋಗ್ದಿದ್ರೆ ನಮ್ ಸ್ಟಾರೂ ಹೋಗ್ತದಕ್ಕಾ."

"ಹೋಗ್ತದೆ," ಅಂದಳು ಅತ್ತಿಗೆ. "ನಂದು ಹೋಗೈತೆ. ಸುಳ್ಳು ಹೇಳಲ್ಲ."

ಗೇಟು ತೆರೆಯಿತು. ಒಡತಿ ಈ ಅತ್ತಿಗೆ-ನಾದಿನಿಯರನ್ನು ನೋಡಿಯೂ ನೋಡದವಳಂತೆ ಕೆಲಸಕ್ಕೆ ಬಂದ ಇಬ್ಬರ ಕಡೆ ನಕ್ಕಳು. "ಬನ್ನಿ ಬನ್ನಿ. ಬಿಸಿಲಲ್ಲಿ ಯಾಕೆ ನಿಂತ್ರಿ?"

ಹೊಸಬಳು ಒಂದು ಹೆಜ್ಜೆ ಒಳಗಿಟ್ಟು, ನಿಂತು, ಹಿಂದೆ ತಿರುಗಿದಳು.

ನಡುವಯಸ್ಸಿನವಳು ಅಲುಗಿರಲಿಲ್ಲ. ಕೈಯಲ್ಲಿದ್ದ ಬಕೆಟ್ಟನ್ನು ಗೇಟಿನ ನಟ್ಟನಡುವೆ ಬೋರಲು ಹಾಕಿ, ಅದರ ಮೇಲೆ ಕೂತಳು. ಕೆಲಸದ ಹೊತ್ತು ಮೀರಿತೆಂದು ಅವಳ ಫೋನು ಜೇಬಿನಲ್ಲಿ ಹೊಡೆದುಕೊಳ್ಳತೊಡಗಿತು.